ಮೆಸ್ಸಿನ ಕೀಲಿ ಹುಡುಗರ ಕೈಗೆ ಕೊಟ್ಟ ಮೇಲೆ

"ಅಂಕ ಇಲ್ಲದ ಕ್ಲಾಸಿಗೆ ಯಾರ್ರೀ ಬರ್ತಾರೆ?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ತಮ್ಮ ಮಕ್ಕಳನ್ನೂ ಸೇರಿಸಿಕೊಳ್ಳಿ ಅನ್ನುತ್ತಿದ್ದಾರೆ. ರಾತ್ರಿ ಊಟವಾದ ಮೇಲೆ ಹಾಸ್ಟೆಲಿನ ಮೆಸ್ಸಿನಲ್ಲಿ ಪುಸ್ತಕ ಓದುವ ಕ್ಲಾಸು ಅದು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಸಾಗರ–ಸೊರಬದ ಕಡೆಯ ಸಣ್ಣ ಅನುದಾನಿತ ಕಾಲೇಜು. ಬಿಎ, ಬಿಕಾಂ ಸೇರಿ ಇನ್ನೂರು ಚಿಲ್ಲರೆ ಮಕ್ಕಳು. ನ್ಯಾಕು (ಕಾಲೇಜಿಗೆ ದರ್ಜೆ ಕೊಡುವ ಸಂಸ್ಥೆ), ಐಕ್ಯೂಎಸಿ (ಕಾಲೇಜಿನೊಳಗಿನ ಗುಣಮಟ್ಟದ ಸಮಿತಿ), ಅಟೆಂಡೆನ್ಸ್ ಶಾರ್ಟೇಜು ಎಲ್ಲ ನೀವೂ ಉಂಡದ್ದೇ, ಬಿಡಿ.

2021ರಲ್ಲಿ ಎನ್‌ಇಪಿ, ಅಂದರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಓಪನ್ ಎಲೆಕ್ಟಿವ್ (ಮಕ್ಕಳು ತಮ್ಮ ವಿಭಾಗದ ಆಚೆ ಆರಿಸಿಕೊಳ್ಳುವ ವಿಷಯ) ಅನ್ನುವ ಕಿಂಡಿ ಸಿಕ್ಕಿತು. ಸಿಲಬಸ್ ವಿಶ್ವವಿದ್ಯಾಲಯದ್ದೇ. ಆದರೂ ವಾರಕ್ಕೊಂದು ಗಂಟೆ ಕದ್ದು ಗೈಡು, ನೋಟ್ಸು ಇಲ್ಲದೆ ಮೂಲವನ್ನೇ ಓದಿಸಲು ಕೂತೆ. ಸಾಕ್ರೆಟಿಸನ ವಿಚಾರಣೆ, ಒಂದಿಷ್ಟು ವಚನ, ಅಂಬೇಡ್ಕರರ 1936ರ ಜಾತಿವಿನಾಶದ ಭಾಷಣ. ಜೆರಾಕ್ಸಿಗೇ ನನ್ನ ಜೇಬಿನಿಂದ ನಾಲ್ಕೈದು ಸಾವಿರ ಹೋಯಿತು. ಕ್ಲಾಸು ಮಾತ್ರ ಹೆಣ. "ಸರ್, ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ?" ಅನ್ನುವುದು ಬಿಟ್ಟು ಬೇರೆ ಪ್ರಶ್ನೆ ಹುಟ್ಟಲಿಲ್ಲ. 2024ರಲ್ಲಿ ಸರ್ಕಾರ ಎನ್‌ಇಪಿಯ ನಾಲ್ಕು ವರ್ಷದ ಡಿಗ್ರಿ ಕೈಬಿಟ್ಟಿತು, ಟೈಮ್‌ಟೇಬಲ್ ಬದಲಾಯಿತು, ನಾನು ಕದಿಯುತ್ತಿದ್ದ ಗಂಟೆಯೂ ಹೋಯಿತು.

ಅದೇ ಹೊತ್ತಿಗೆ ಹಾಸ್ಟೆಲಿನ ಮೆಸ್ ಕಂಟ್ರ್ಯಾಕ್ಟುದಾರ ಹೇಳದೆ ಕೇಳದೆ ಬಿಟ್ಟು ಹೋದ. ನಲವತ್ತು ಹುಡುಗರ ಊಟ ನಿಂತಿತು. ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಇರುವ, ತಿಂಗಳ ಖರ್ಚನ್ನು ಉಂಡವರೆಲ್ಲ ಹಂಚಿಕೊಳ್ಳುವ ಡಿವೈಡಿಂಗ್ ಸಿಸ್ಟಮ್ಮನ್ನೇ ಇಲ್ಲೂ ಮಾಡೋಣ, ದಿನಸಿ ತರುವುದರಿಂದ ಉಗ್ರಾಣದ ಕೀಲಿಯವರೆಗೆ ಹುಡುಗರದೇ ಇರಲಿ ಅಂದೆ. ಆಡಳಿತ ಮಂಡಳಿ ಠೇವಣಿ ಕೇಳಿತು. ನಲವತ್ತು ಸಾವಿರ ನಾನೇ ಇಟ್ಟೆ. ಮನೆಯಲ್ಲಿ ಏನಂದರು ಅನ್ನುವುದು ಬೇಡ. ನನ್ನದು ಒಂದೇ ಷರತ್ತು: ರಾತ್ರಿ ಊಟವಾದ ಮೇಲೆ ಅದೇ ಬೆಂಚಿನ ಮೇಲೆ ಮೊದಲು ಅವತ್ತಿನ ಲೆಕ್ಕ ಓದಬೇಕು, ಆಮೇಲೆ ಎರಡು ಪುಟ ಪುಸ್ತಕ.

ಮೊದಲ ತಿಂಗಳು ಮತ ಹಾಕಿ ಹಾಕಿ ಬಿರಿಯಾನಿ ತಿಂದರು. ತಲೆಗೆ ಎರಡೂವರೆ ಸಾವಿರದ ಒಳಗೆ ಬರಬೇಕಾದ ಡಿವೈಡಿಂಗು ನಾಲ್ಕು ಸಾವಿರದ ಹತ್ತಿರ ಬಂತು. ಅಪ್ಪಂದಿರ ಫೋನು ಶುರುವಾಯಿತು. ಪ್ರಿನ್ಸಿಪಾಲರು ಕೀಲಿ ವಾಪಸ್ ತಗೊಳ್ಳಿ ಅಂದರು, ನಾನು ಒಪ್ಪಲಿಲ್ಲ. ಹುಡುಗರೇ ಸೆಕ್ರೆಟರಿಯನ್ನು ಇಳಿಸಿದರು.

ಲೆಕ್ಕ ತಪಾಸಣೆಗೆ ಬಿಕಾಂನ ಹುಡುಗಿಯರನ್ನು ಕೂರಿಸಿದ್ದು ಕೆಲಸ ಮಾಡಿತು. ಅವರು ಸಂಜೆ ಬಸ್ಸಿಗೆ ಹೋಗುವವರು, ಹಾಗಾಗಿ ಅವರ ಪಾಳಿ ಶನಿವಾರ ಮಧ್ಯಾಹ್ನ. ಒಬ್ಬಳು ಹಾಲಿನ ಚೀಟಿ ಹಿಡಿದು, "ಈ ಭಾನುವಾರ ಎರಡು ಸಲ ಬಂದಿದೆಯಲ್ಲ ಸರ್?" ಅಂದಳು. ಆರು ಲೀಟರಿನ ದುಡ್ಡು ವಾಪಸ್ ಬಂತು. ಅಲ್ಲಿಂದ "ಬಿಲ್ ಎಲ್ಲಿ?" ಅನ್ನುವುದು ಅವರ ಬಾಯಿಪಾಠ. ಪುಸ್ತಕದ ಹತ್ತಿರವೂ ಅದನ್ನೇ ಕೇಳತೊಡಗಿದರು. ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಆಗದ್ದು ಹಾಲಿನ ಚೀಟಿಯಿಂದ ಆಯಿತು.

ಒಲೆಯ ಜಗಳವನ್ನೂ ಹೇಳಬೇಕು. ಒಂದೇ ಒಲೆಯಲ್ಲಿ ಸಸ್ಯಾಹಾರ, ಮಾಂಸಾಹಾರ ಎರಡೂ ಅಡುಗೆ ಆಗಲಿ ಅಂತ ಬಹುಮತ ಬಂತು. ಆರೇಳು ಹುಡುಗರು ಊಟ ಬಿಟ್ಟರು. ನಾವಾಗ ಓದುತ್ತಿದ್ದದ್ದು ಅಥೆನ್ಸಿನ ಐನೂರರಷ್ಟು ಪಂಚರು ಮತ ಹಾಕಿ ಸಾಕ್ರೆಟಿಸನಿಗೆ ಸಾವು ವಿಧಿಸಿದ ಭಾಗ. ಬಿಎ ಎರಡನೇ ವರ್ಷದವನೊಬ್ಬ ಎದ್ದು, "ಹಂಗಾದ್ರೆ ಅವತ್ತೂ ಮೆಜಾರಿಟಿನೇ ಸರಿ ಅಂತೀರಾ?" ಅಂದ. ಗಲಾಟೆ ಹನ್ನೊಂದೂವರೆಯವರೆಗೆ ನಡೆಯಿತು. ಎರಡನೇ ಒಲೆ ಬಂತು, ಆದರೆ ಪಂಕ್ತಿ ಒಂದೇ ಅಂತ ತೀರ್ಮಾನ. ನಾನು ಬಾಯಿ ಬಿಡಲಿಲ್ಲ. ಬಾಯಿ ಮುಚ್ಚಿಕೊಂಡು ಕೂರುವುದಕ್ಕೂ ಒಂದು ಉಪಾಯವಿದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ನಡುವೆ ಅಡಿಕೆ ಹಾಳೆ ತಟ್ಟೆಯ ಹುಚ್ಚು. ಇಪ್ಪತ್ತು ಸಾವಿರದ ಆಸುಪಾಸಿಗೆ ಹಳೇ ಯಂತ್ರ ಕೊಂಡೆವು. ಹಾಳೆ ನೆನೆಹಾಕಿ ಬಿಸಿ ಅಚ್ಚಿಗೆ ಒತ್ತುವುದು ಎರಡೇ ದಿನಕ್ಕೆ ಬಂತು. ಮಳೆ ಹಿಡಿದದ್ದೇ ತಡ, ಜೋಡಿಸಿಟ್ಟ ತಟ್ಟೆಗಳಿಗೆ ಬೂಷ್ಟು ಬಂದು ಸಾವಿರದಷ್ಟು ತಿಪ್ಪೆಗೆ ಹೋದವು. ಈಗ ಬೇಸಿಗೆಯಲ್ಲಿ ಮಾತ್ರ, ಗೃಹಪ್ರವೇಶ, ಉಪನಯನದ ಆರ್ಡರ್ ಹಿಡಿದು ಒತ್ತುತ್ತಾರೆ. ತಟ್ಟೆಗೆ ಎರಡೂವರೆ, ಮೂರು ರೂಪಾಯಿ. ಯಂತ್ರದ ದುಡ್ಡು ಇನ್ನೂ ಪೂರ್ತಿ ಹುಟ್ಟಿಲ್ಲ.

ಆದರೂ ತಟ್ಟೆ ಮಾರಿದ ದುಡ್ಡಿನಿಂದಲೇ ಮಕ್ಕಳ ಕಾಲೇಜು ಪತ್ರಿಕೆ ಬಂತು. ಆಡಳಿತ ಮಂಡಳಿ ಮುದ್ರಣಕ್ಕೆ ಹಣ ಕೊಡುತ್ತೇವೆ, ಬರಹಗಳನ್ನು ಮೊದಲು ನಮಗೆ ತೋರಿಸಿ ಅಂದಿತ್ತು. ಹಾಲಿನ ಚೀಟಿಯ ಹುಡುಗಿ ಅಂಬೇಡ್ಕರರ ಭಾಷಣದ ಕಥೆ ತೆಗೆದಳು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ (ಜಾತಿ ಮುರಿಯಬೇಕು ಅನ್ನುವ ಸಂಘ) ತಾನೇ ಅವರನ್ನು ಕರೆದು, ಭಾಷಣ ಓದಿ ಹೆದರಿ ಸಭೆಯನ್ನೇ ರದ್ದು ಮಾಡಿತು. ಅಂಬೇಡ್ಕರರು ಒಂದು ಅಕ್ಷರ ಬದಲಿಸದೆ ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. "ನಮ್ಮದು ನೂರೈವತ್ತು ಪ್ರತಿ ಸರ್, ತಟ್ಟೆ ದುಡ್ಡು ಸಾಕಾಗುತ್ತೆ" ಅಂದಳು. ಸಾಕಾಯಿತು, ಬಣ್ಣದ ಮುಖಪುಟ ಬಿಟ್ಟು.

ಇದೆಲ್ಲ ಅಮೆರಿಕದಲ್ಲಿ ಸರಿ ಅಂತ ಒಬ್ಬರು ವಾದಿಸಿದರು. ಕೆಂಟಕಿಯ ಬೆರಿಯಾ ಕಾಲೇಜು 1892ರಿಂದ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ, ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕೆಲಸ ಮಾಡಬೇಕು, ನಿಜ. ಅವರಿಗೆ ದೊಡ್ಡ ದತ್ತಿನಿಧಿ ಇದೆ, ನಮಗೆ ದಿನಸಿ ಅಂಗಡಿಯ ಉದ್ರಿ. ಆದರೆ ಅಷ್ಟು ದೂರ ಯಾಕೆ ಹೋಗಬೇಕು? ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದವರು. ನಾನು ವಾರಕ್ಕೆರಡು ರಾತ್ರಿ ಮೆಸ್ಸಿನಲ್ಲಿ ಕೂರುತ್ತೇನೆ, ಅಷ್ಟೇ.

ಈಗ ಡಿವೈಡಿಂಗು ಎರಡು ಸಾವಿರದ ಮುನ್ನೂರು, ನಾನೂರರಲ್ಲಿ ನಿಂತಿದೆ. ಓದಿಗೆ ಮೂವತ್ತರ ಮೇಲೆ ಜನ, ನಾನಿಲ್ಲದ ರಾತ್ರಿಯೂ. ನನ್ನ ಠೇವಣಿಯಲ್ಲಿ ಹತ್ತು ಸಾವಿರ ಬಾಕಿ. ಮೇಷ್ಟ್ರಿಗೆ ಬಡ್ಡಿ ಕೊಡಬೇಕೋ ಅಂತ ಮತಕ್ಕೆ ಹಾಕಿದರು, ಬಿದ್ದುಹೋಯಿತು. ಜೂನ್‌ನಿಂದ ಹುಡುಗಿಯರ ಹಾಸ್ಟೆಲಿನವರೂ ಕೀಲಿ ಕೇಳುತ್ತಿದ್ದಾರೆ. ಅಲ್ಲಿಯ ಠೇವಣಿ ನಾನು ಇಡುವುದಿಲ್ಲ ಅಂತ ಮೊದಲೇ ಹೇಳಿದ್ದೇನೆ.