ತೊಗರಿ ಕಾಳಿನಲ್ಲಿ ಪ್ರೋಟಾನ್ ಎಣಿಕೆ: ಸತು ಯಾಕೆ ತಾಮ್ರ ಆಗುವುದಿಲ್ಲ

ಬೀದರಿನ ಬಿದರಿ ಕೆಲಸದವರು ಎರಕ ಹೊಯ್ದ ಪಾತ್ರೆಯನ್ನು ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಒರೆಸುತ್ತಾರೆ. ಬೂದು ಲೋಹ ಕಪ್ಪಾಗುತ್ತದೆ, ಅದರ ಮೇಲೆ ಉಳಿಯಿಂದ ಗೀರಿದ ಹೂಬಳ್ಳಿ ಬೆಳ್ಳಗೆ ಎದ್ದು ಕಾಣುತ್ತದೆ. ಪಾತ್ರೆಯಲ್ಲಿ ಹೆಚ್ಚೂಕಡಿಮೆ ಹದಿನಾರು ಭಾಗ ಸತು, ಒಂದು ಭಾಗ ತಾಮ್ರ. ಕಪ್ಪಗೆ ಕೂತಿದ್ದು ಮೈಲುತುತ್ತದಿಂದ ಬಂದ ತಾಮ್ರದ ಸಣ್ಣ ಪುಡಿ. ಇದನ್ನೇ ತರಗತಿಯ ಬೀಕರಿನಲ್ಲಿ ಮಾಡಿ ತೋರಿಸಿದರೆ ಮಕ್ಕಳಿಂದ ಬರುವ ಮಾತು ಒಂದೇ: "ಸತು ತಾಮ್ರ ಆಯ್ತಲ್ರಿ ಸರ್!" ಪರಮಾಣು ಸಂಖ್ಯೆಯ, ಅಂದರೆ ಪರಮಾಣುವಿನ ಬೀಜಕೇಂದ್ರದಲ್ಲಿ ಎಷ್ಟು ಪ್ರೋಟಾನ್ ಇವೆ ಎಂಬ ಎಣಿಕೆಯ, ಪಾಠವನ್ನು ನಾನು ಈ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಮೊದಲು ದ್ರಾವಣ. 100 ಮಿ.ಲೀ. ನೀರಿಗೆ 5 ಗ್ರಾಂ ಲೆಕ್ಕದಲ್ಲಿ ಮೈಲುತುತ್ತವನ್ನು ಕರಗಿಸಿ, ಒಂದೊಂದು ಗುಂಪಿಗೆ 20 ಮಿ.ಲೀ. ಕೊಡುತ್ತೇನೆ. ಬೋರ್‌ವೆಲ್ ನೀರು ಬಳಸಬಾರದು. ನಮ್ಮ ಕಡೆ ಸುಣ್ಣಕಲ್ಲಿನ ನೆಲ, ನೀರು ಗಡಸು. ಅದರಲ್ಲಿರುವ ಬೈಕಾರ್ಬೊನೇಟ್ ತಾಮ್ರದ ಜೊತೆ ಸೇರಿ ದ್ರಾವಣ ಕದಡಿದ ಹಾಗಾಗುತ್ತದೆ. ಭಟ್ಟಿ ಇಳಿಸಿದ ನೀರು ಇದ್ದರೆ ಚೆನ್ನ, ಇಲ್ಲದಿದ್ದರೆ ಫಿಲ್ಟರ್ ನೀರು. ಸತುವಿನ ಪಟ್ಟಿಯನ್ನು ಮರಳುಕಾಗದದಿಂದ ಹೊಳೆಯುವ ತನಕ ಉಜ್ಜಿಯೇ ಇಳಿಸಬೇಕು. ಮೇಲಿನ ಆಕ್ಸೈಡ್ ಪದರ ಹೋಗದಿದ್ದರೆ ಕ್ರಿಯೆ ಶುರುವಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಪಟ್ಟಿ ಮೊದಲು ಕಪ್ಪಾಗಿ, ಆಮೇಲೆ ಕಂದುಗೆಂಪಾಗುತ್ತದೆ. ಕೂತ ಪದರವನ್ನು ಆಗಾಗ ಕಡ್ಡಿಯಿಂದ ಕೆರೆದು ಬೀಳಿಸಿ, ನೀಲಿ ಪೂರ್ತಿ ಹೋಗುವ ತನಕ ಬಿಡಿ.

ಹಾಗಾದರೆ ಸತು ಎಲ್ಲಿ ಹೋಯಿತು? ಬಣ್ಣ ಹೋದ ನೀರನ್ನು ಸೋಸಿ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿ ಹನಿಯಾಗಿ ಹಾಕಿದರೆ ಬಿಳಿ ಗಸಿ ಕಟ್ಟುತ್ತದೆ, ಇನ್ನೂ ಹಾಕುತ್ತಾ ಹೋದರೆ ಆ ಗಸಿ ಕರಗುತ್ತದೆ. ಕಳೆದುಹೋಯಿತು ಅಂದುಕೊಂಡ ಸತು ನೀರಿನಲ್ಲೇ ಇದೆ. ಅವಸರ ಮಾಡಿ ನೀಲಿ ಉಳಿದಿರುವಾಗಲೇ ಹಾಕಿದರೆ ತಾಮ್ರದ ನೀಲಿ ಗಸಿ ಬಂದು ಎಲ್ಲ ಗೊಂದಲವಾಗುತ್ತದೆ. ಈ ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹೈಡ್ರಾಕ್ಸೈಡ್ ಹನಿ ಹಾಕುವ ಕೆಲಸ ಮಕ್ಕಳಿಗೆ ಬೇಡ, ಶಿಕ್ಷಕರೇ ಕನ್ನಡಕ ಹಾಕಿಕೊಂಡು ಮಾಡಲಿ. ಮೈಲುತುತ್ತ ವಿಷ, ಕೈ ತೊಳೆಯದೆ ಊಟದ ಡಬ್ಬಿ ಮುಟ್ಟಲು ಬಿಡಬೇಡಿ.

ಇನ್ನು ಕಾಳು. ಪ್ರೋಟಾನಿಗೆ ಕೆಂಪು ತೊಗರಿ, ನ್ಯೂಟ್ರಾನಿಗೆ ಬಿಳಿ ತೊಗರಿ, ಎಲೆಕ್ಟ್ರಾನಿಗೆ ಸಾಸಿವೆ. ನ್ಯೂಟ್ರಾನಿಗೆ ಜೋಳ ಇಟ್ಟರೆ ಅದು ಪ್ರೋಟಾನಿಗಿಂತ ಹಗುರ ಎಂಬ ತಪ್ಪು ಕಲ್ಪನೆ ಮಕ್ಕಳ ತಲೆಯಲ್ಲಿ ಕೂರುತ್ತದೆ. ಎರಡರ ತೂಕವೂ ಹೆಚ್ಚೂಕಡಿಮೆ ಒಂದೇ, ಅದಕ್ಕೇ ಒಂದೇ ಜಾತಿಯ ಕಾಳು. ಎಲೆಕ್ಟ್ರಾನ್ ಪ್ರೋಟಾನಿನ 1836ರಲ್ಲಿ ಒಂದು ಪಾಲು ತೂಕದ್ದು. ಸಾಸಿವೆಯೂ ಅದಕ್ಕೆ ತೀರಾ ಭಾರವೇ ಎಂದು ಬಾಯಿಬಿಟ್ಟು ಹೇಳಬೇಕು. ಬೇಳೆ ತರಬೇಡಿ, ಒಡೆಯದ ಇಡೀ ಕಾಳೇ ಬೇಕು. ನೂರು ಕಾಳು ಸುಮಾರು 10 ಗ್ರಾಂ ತೂಗುತ್ತವೆ, ಎಂಟು ಗುಂಪಿಗೆ ಕೆಂಪು 80 ಗ್ರಾಂ, ಬಿಳಿ 120 ಗ್ರಾಂ ಸಾಕು. ತೊಗರಿ ತಟ್ಟೆಯ ಒಳಗೆ, ಸಾಸಿವೆ ತಟ್ಟೆಯ ಹೊರಗೆ. ಬೀಜಕೇಂದ್ರವನ್ನು 10 ಸೆಂ.ಮೀ. ಅಗಲದ ತಟ್ಟೆ ಎಂದುಕೊಂಡರೆ ತಾಮ್ರದ ಪರಮಾಣುವಿನ ಅಂಚು ಅಲ್ಲಿಂದ ಸುಮಾರು 1.3 ಕಿ.ಮೀ. ದೂರ. ಸಾಸಿವೆ ಊರಾಚೆಯ ಹೊಲದಲ್ಲಿ ಬಿದ್ದಿದೆ ಅಂದುಕೊಳ್ಳಿ.

ಸತು ಅಂದರೆ 30 ಕೆಂಪು, ತಾಮ್ರ ಅಂದರೆ 29. ಬೀಕರಿನಲ್ಲಿ ನಡೆದದ್ದನ್ನು ಕಾಳಿನಲ್ಲಿ ಆಡಿಸಿ. ಸತುವಿನ ತಟ್ಟೆಯ ಪಕ್ಕದಿಂದ ಎರಡು ಸಾಸಿವೆ ಎತ್ತಿ ತಾಮ್ರದ ತಟ್ಟೆಯ ಪಕ್ಕ ಇಡುವುದು, ಅಷ್ಟೇ. ಮೈಲುತುತ್ತದಲ್ಲಿ ತಾಮ್ರದ ಹತ್ತಿರ 27 ಸಾಸಿವೆ ಇದ್ದವು, ಈಗ 29 ಆಗಿ ಅದು ಲೋಹವಾಗಿ ಕೂತಿತು. ಸತುವಿನ ಹತ್ತಿರ 28 ಉಳಿದು ಅದು ನೀರಿಗಿಳಿಯಿತು. ಒಂದು ಕೆಂಪು ಕಾಳೂ ಅಲುಗಲಿಲ್ಲ. ಇಲ್ಲಿ ಒಬ್ಬರಾದರೂ 28 ಸಾಸಿವೆ ಎಣಿಸಿ, ಆವರ್ತ ಕೋಷ್ಟಕ ನೋಡಿ "ನಿಕ್ಕಲ್" ಅನ್ನುತ್ತಾರೆ. ಅನ್ನಲಿ, ಒಳ್ಳೆಯದೇ. ಸಾಸಿವೆ ಎಣಿಸಿ ಧಾತುವಿಗೆ ಹೆಸರಿಡಬಾರದು ಎಂಬುದು ಆಗ ಗಟ್ಟಿಯಾಗಿ ತಲೆಗೆ ಹೋಗುತ್ತದೆ.

ಆಮೇಲೆ ಬಿಳಿ ಕಾಳು. 29 ಕೆಂಪಿನ ಜೊತೆ 34 ಬಿಳಿ ಇಟ್ಟರೆ ತಾಮ್ರ-63, 36 ಇಟ್ಟರೆ ತಾಮ್ರ-65. ನಮ್ಮ ಮನೆಯ ತಂಬಿಗೆಯಲ್ಲಿ ಇವೆರಡೂ ಇವೆ, ಮೊದಲನೆಯದು ನೂರಕ್ಕೆ 69ರಷ್ಟು. ತೂಕ ಬೇರೆ, ಹೆಸರು ಒಂದೇ.

ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದರ ನಂತರದ ಹೆಜ್ಜೆ. ತಕ್ಕಡಿಯ ಒಂದು ಕಡೆ 30 ಕೆಂಪು, 35 ಬಿಳಿ ಹಾಕಿ. ಇನ್ನೊಂದು ಕಡೆ 29 ಕೆಂಪು, 36 ಬಿಳಿ. ಎರಡೂ ಕಡೆ 65 ಕಾಳು, ಮುಳ್ಳು ನಡುವೆಯೇ ನಿಲ್ಲುತ್ತದೆ. ಒಂದು ಸತು, ಇನ್ನೊಂದು ತಾಮ್ರ. ಸತು-65ರ ಒಂದು ಕೆಂಪು ತೆಗೆದು ಅಲ್ಲಿ ಒಂದು ಬಿಳಿ ಇಟ್ಟರೆ ಅದು ತಾಮ್ರ-65. ನಿಜದಲ್ಲೂ ಹೀಗಾಗುತ್ತದೆ: ಸತು-65 ವಿಕಿರಣಶೀಲ, ಅಂದರೆ ಅದರ ಬೀಜಕೇಂದ್ರ ತಾನಾಗಿಯೇ ಬದಲಾಗುತ್ತದೆ, ಅದರಲ್ಲಿ ಅರ್ಧದಷ್ಟು ಪರಮಾಣುಗಳು 244 ದಿನಗಳಲ್ಲಿ ತಾಮ್ರವಾಗುತ್ತವೆ. ಮೈಲುತುತ್ತಕ್ಕೆ, ಬೆಂಕಿಗೆ, ಆಮ್ಲಕ್ಕೆ ಆಗದ ಕೆಲಸ ಇದು. ಬೀಜಕೇಂದ್ರದ ಒಳಗೇ ಬದಲಾವಣೆ ಆಗಬೇಕು.

ಕಣ್ಣಿಗೆ ಕಾಣದ್ದನ್ನು ಎಣಿಸಿದ್ದು ಹೇಗೆ ಎಂದು ಜಾಣ ಮಕ್ಕಳು ಕೇಳಿಯೇ ಕೇಳುತ್ತಾರೆ. 1913ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ಧಾತುಗಳಿಂದ ಹೊಮ್ಮುವ ಎಕ್ಸ್-ಕಿರಣಗಳನ್ನು ಅಳೆದು ತೋರಿಸಿದ್ದನ್ನು ಬೋರ್ಡಿನ ಮೇಲೆ ಲೆಕ್ಕವಾಗಿಯೇ ಮಾಡಿಸುತ್ತೇನೆ. ಪರಮಾಣು ಸಂಖ್ಯೆಯಿಂದ ಒಂದು ಕಳೆದು, ವರ್ಗ ಮಾಡಿ, 10.2ರಿಂದ ಗುಣಿಸಿದರೆ ಕಿರಣದ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಸಿಗುತ್ತದೆ. ತಾಮ್ರಕ್ಕೆ 28ರ ವರ್ಗ 784, ಉತ್ತರ ಸುಮಾರು 8000. ಅಳೆದದ್ದು 8050ರ ಹತ್ತಿರ. ಸತುವಿಗೆ ಲೆಕ್ಕ 8578, ಅಳತೆ 8640ರ ಹತ್ತಿರ. ಪರಮಾಣು ತೂಕದ ಪ್ರಕಾರ ನಿಕ್ಕಲ್ ಕೋಬಾಲ್ಟಿಗಿಂತ ಹಗುರ, ಆದರೂ ಅದರ ಜಾಗ ಕೋಬಾಲ್ಟಿನ ನಂತರ ಯಾಕೆ ಎಂಬುದೂ ಈ ಅಳತೆಯಿಂದ ಬಗೆಹರಿಯಿತು: ಕೋಬಾಲ್ಟಿನದು 27, ನಿಕ್ಕಲಿನದು 28. ಸರಾಫ ಅಂಗಡಿಗಳಲ್ಲಿ ಬಂಗಾರ ಕರಗಿಸದೆ ಕ್ಯಾರೆಟ್ ಹೇಳುವ ಯಂತ್ರವೂ ಧಾತುಗಳನ್ನು ಇಂಥ ಕಿರಣಗಳಿಂದಲೇ ಗುರುತಿಸುತ್ತದೆ.

ಕೊನೆಗೆ ಯಾದಗಿರಿ ಜಿಲ್ಲೆಯ ಗೋಗಿ. ಅಲ್ಲಿ ನೆಲದಡಿ ಯುರೇನಿಯಂ ಇದೆ. ಅದೂ ವಿಕಿರಣಶೀಲ, ಆಲ್ಫಾ, ಬೀಟಾ ಎಂಬ ಎರಡು ಬಗೆಯ ಹೆಜ್ಜೆಗಳಲ್ಲಿ ಬದಲಾಗುತ್ತಾ ಕೊನೆಗೆ ಸೀಸವಾಗುತ್ತದೆ. 92 ಕೆಂಪು, 146 ಬಿಳಿ ಒಂದು ಬಟ್ಟಲಿಗೆ ಹಾಕಿ, ಸೀಸದ ತನಕ ಇಳಿಸಲು ಹೇಳಿ. ಆಲ್ಫಾ ಅಂದರೆ ಎರಡು ಕೆಂಪು, ಎರಡು ಬಿಳಿ ಹೊರಗೆ. ಒಟ್ಟು ಎಂಟು ಸಲ. ಬೀಟಾ ಅಂದರೆ ಒಂದು ಬಿಳಿ ತೆಗೆದು ಅಲ್ಲಿ ಒಂದು ಕೆಂಪು, ಆರು ಸಲ. ಕೊನೆಗೆ 82 ಕೆಂಪು, 124 ಬಿಳಿ, ಅಂದರೆ ಸೀಸ-206 ಉಳಿಯಬೇಕು. ಯಾವುದಾದರೂ ಗುಂಪಿಗೆ 76 ಕೆಂಪು ಬಂದು ಆಸ್ಮಿಯಂ ಎಂದು ಹೇಳಿದರೆ, ಅವರು ಬೀಟಾದಲ್ಲಿ ಬಿಳಿ ತೆಗೆದು ಕೆಂಪು ಇಡುವುದನ್ನು ಮರೆತಿದ್ದಾರೆ. ಆ ಬಟ್ಟಲನ್ನು ಹಾಗೇ ಇಟ್ಟು, ಬೀಟಾದಿಂದ ಮತ್ತೆ ಎಣಿಸಲು ಹೇಳಿ.