ರೆಕ್ಕೆ ಕಪ್ಪೋ, ಆಕಾಶ ಕಪ್ಪೋ? ಕಿಂಡರ್‌ಡೈಕ್ ಗಾಳಿಯಂತ್ರಗಳ ಕಪ್ಪು-ಬಿಳುಪು ಚಿತ್ರಗಳು

ವಿಂಡ್‌ಮಿಲ್ ಎಂದರೆ ನಮ್ಮ ಕಡೆ ಬಹಳ ಜನರಿಗೆ ನೆನಪಾಗುವುದು ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಮೇಲಿನ ಬಿಳಿ ಕಂಬಗಳು. ಮೂರು ರೆಕ್ಕೆ, ನುಣುಪು ಮೈ, ಕರೆಂಟ್ ತೆಗೆಯುವ ಕೆಲಸ. ನಾನು ಹೇಳಹೊರಟಿರುವುದು ನಾಲ್ಕು ರೆಕ್ಕೆಯ, ಮರ ಮತ್ತು ಇಟ್ಟಿಗೆಯ ಹಳೆಯ ಯಂತ್ರಗಳ ವಿಷಯ. ನೆದರ್ಲೆಂಡ್ಸ್‌ನ ಕಿಂಡರ್‌ಡೈಕ್‌ನಲ್ಲಿ ಇಂಥವು ಒಟ್ಟು 19 ಇವೆ. ಕಾಲುವೆಯ ಒಂದು ಬದಿಗೆ 1738ರಲ್ಲಿ ಕಟ್ಟಿದ ಎಂಟು ದುಂಡನೆಯ ಇಟ್ಟಿಗೆ ಗೋಪುರಗಳು. ಎದುರು ಬದಿಗೆ 1740ರ ಎಂಟು, ಅವು ಎಂಟು ಮೂಲೆಯವು, ಮೈಗೆಲ್ಲ ಜೊಂಡು ಹೊದಿಸಿದ್ದಾರೆ. ಉಳಿದ ಮೂರು ಸ್ವಲ್ಪ ಆಚೀಚೆ. ಇವು ಹಿಟ್ಟು ಬೀಸಲು ಕಟ್ಟಿದವಲ್ಲ. ತಗ್ಗು ನೆಲದಲ್ಲಿ ನಿಂತ ನೀರನ್ನು ಎತ್ತಿ ಮೇಲಿನ ಕಾಲುವೆಗೆ ಹಾಕಲು ಕಟ್ಟಿದವು. 1997ರಲ್ಲಿ ಯುನೆಸ್ಕೊ ಈ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೆಲಸಕ್ಕಾಗಿ ರಾಟರ್‌ಡ್ಯಾಮ್‌ಗೆ ಬಂದು ನೆಲೆಸಿದವನು ನಾನು. ಅಲ್ಲಿಂದ ವಾಟರ್‌ಬಸ್ ಹತ್ತಿದರೆ ಕಿಂಡರ್‌ಡೈಕ್ ದೂರವೇನಲ್ಲ. ಹಾಗಾಗಿ ಬಿಡುವಾದಾಗಲೆಲ್ಲ ಹೋಗುತ್ತೇನೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಒಂದು ಅನುಕೂಲವಿದೆ. ಗೋಪುರದ ಕಡೆ ಗಮನ ಕಡಿಮೆಯಾಗುತ್ತದೆ. ಅದು ಎಲ್ಲಿಗೂ ಹೋಗುವುದಿಲ್ಲ, ಇನ್ನೂರೈವತ್ತು ವರ್ಷಕ್ಕೂ ಮೇಲೆ ಅಲ್ಲೇ ನಿಂತಿದೆ. ಬದಲಾಗುವುದು ರೆಕ್ಕೆ ಮತ್ತು ಅದರ ಹಿಂದಿನ ಆಕಾಶ. ಕಪ್ಪು-ಬಿಳುಪಿನಲ್ಲಿ ಚಿತ್ರ ಗೆಲ್ಲುವುದೂ ಸೋಲುವುದೂ ಅಲ್ಲೇ ಎಂಬುದು ನನ್ನ ಲೆಕ್ಕ.

ಬಣ್ಣದಲ್ಲಿ ಈ ಜಾಗ ಸುಲಭ. ಹಸಿರು ಹುಲ್ಲು, ಕಂದು ಜೊಂಡು, ನೀಲಿ ಆಕಾಶ ಒಂದರಿಂದ ಒಂದು ತಾವಾಗಿಯೇ ಬೇರೆಯಾಗಿ ಕಾಣುತ್ತವೆ. ಬಣ್ಣ ತೆಗೆದುಬಿಟ್ಟರೆ ಮೂರೂ ಹೆಚ್ಚುಕಡಿಮೆ ಒಂದೇ ಬೂದು! ಜಾಲರಿಯಂಥ ರೆಕ್ಕೆ ಆಕಾಶದಲ್ಲಿ ಕರಗಿಹೋಗುತ್ತದೆ. ಅದಕ್ಕೇ ಟ್ರೈಪಾಡ್ ಬಿಚ್ಚುವ ಮೊದಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಬೆಳ್ಳನೆಯ ಮೋಡದ ಎದುರು ಕಪ್ಪು ರೆಕ್ಕೆ ಬೇಕೋ, ಕಪ್ಪು ಆಕಾಶದ ಎದುರು ಬೆಳಗಿದ ರೆಕ್ಕೆ ಬೇಕೋ? ಎರಡೂ ಚೆನ್ನಾಗಿರುತ್ತವೆ. ಎರಡರ ನಡುವೆ ನಿಂತದ್ದು ಮಾತ್ರ ಸಪ್ಪೆ.

ಇದನ್ನು ತೀರ್ಮಾನಿಸುವುದು ನನಗಿಂತ ಹೆಚ್ಚಾಗಿ ಗಾಳಿ. ಈ ಯಂತ್ರಗಳ ಮೇಲಿನ ಟೋಪಿ ತಿರುಗುತ್ತದೆ. ಹಿಂದೆ ಇಳಿಬಿಟ್ಟಿರುವ ಬಾಲದಂಥ ಮರದ ತೊಲೆಗಳನ್ನು ರಾಟೆಯಿಂದ ಎಳೆದು, ರೆಕ್ಕೆಯ ಮುಖವನ್ನು ಗಾಳಿಗೆ ಎದುರಾಗಿ ನಿಲ್ಲಿಸುತ್ತಾರೆ. ಅಂದರೆ ಗಾಳಿ ಬರುವ ದಿಕ್ಕೇ ರೆಕ್ಕೆಯ ಮುಖದ ದಿಕ್ಕು. ಇಲ್ಲಿ ಗಾಳಿ ನೈಋತ್ಯದಿಂದ ಬೀಸುವುದೇ ಜಾಸ್ತಿ. ಆಗ ಮಧ್ಯಾಹ್ನದ ನಂತರದ ಬಿಸಿಲು ನೇರ ರೆಕ್ಕೆಯ ಮುಖಕ್ಕೆ ಬೀಳುತ್ತದೆ. ಮಳೆಯ ಮೋಡ ದಾಟಿಹೋದ ಮೇಲೆ ಗಾಳಿ ವಾಯವ್ಯಕ್ಕೆ ಹೊರಳುವುದುಂಟು. ಆ ಹೊತ್ತಿನ ಗಾಳಿ ತೊಳೆದಿಟ್ಟಷ್ಟು ಶುಭ್ರ, ದೂರದ ಸಾಲೂ ಚೂಪಾಗಿ ಕಾಣುತ್ತದೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದೂ ವಾಯವ್ಯದಲ್ಲೇ, ಅದೂ ರಾತ್ರಿ ಹತ್ತರ ಹೊತ್ತಿಗೆ. ವಾಯವ್ಯದ ಗಾಳಿ, ಜೂನ್ ಸಂಜೆ, ಹಿಂದೆ ದಾಟಿಹೋದ ಮಳೆಮೋಡದ ಕಪ್ಪು ಗೋಡೆ. ಮೂರೂ ಸೇರಿದರೆ ರಜೆ ಹಾಕಿಯಾದರೂ ಹೋಗಬೇಕು. ಅದಕ್ಕಾಗಿ ಹವಾಮಾನದ ಆಪ್‌ನಲ್ಲಿ ನಾನು ಮೊದಲು ನೋಡುವುದು ಮಳೆಯನ್ನಲ್ಲ, ಗಾಳಿಯ ದಿಕ್ಕನ್ನು.

ಬೆಳಗಿದ ಗಿರಣಿ (ಗಾಳಿಯಂತ್ರಕ್ಕೆ ನಾನು ಹೀಗೂ ಹೇಳುತ್ತೇನೆ), ಹಿಂದೆ ಕಪ್ಪು ಮೋಡ ಎಂಬ ಜೋಡಣೆ ಹೊಸದೇನಲ್ಲ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ಡಚ್ ಚಿತ್ರಕಾರ ಯಾಕೊಬ್ ಫಾನ್ ರೌಸ್‌ಡಾಲ್ 1670ರ ಆಸುಪಾಸಿನಲ್ಲಿ ಬರೆದ ಗಾಳಿಯಂತ್ರದ ಚಿತ್ರವಿದೆ. ದಿಗಂತವನ್ನು ಕೆಳಗಿಟ್ಟು, ಚಿತ್ರದ ಬಹುಪಾಲನ್ನು ಭಾರವಾದ ಮೋಡಕ್ಕೆ ಬಿಟ್ಟಿದ್ದಾನೆ. ಕ್ಯಾಮೆರಾ ಹಿಡಿದವರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಫೋನಿನಲ್ಲಿ ಅದನ್ನು ಕಪ್ಪು-ಬಿಳುಪು ಮಾಡಿ ನೋಡಿದರೂ ಅದರ ಗಟ್ಟಿತನ ಕಡಿಮೆಯಾಗುವುದಿಲ್ಲ.

ಇನ್ನು ಫಿಲ್ಟರ್, ಅಂದರೆ ಲೆನ್ಸ್ ಮುಂದೆ ಹಾಕುವ ಬಣ್ಣದ ಗಾಜಿನ ವಿಷಯ. ಫಿಲ್ಮ್‌ನಲ್ಲಿ ತೆಗೆಯುವಾಗ ನನ್ನ ಚೀಲದಲ್ಲಿ ಹಳದಿ, ಕಿತ್ತಳೆ, ಕೆಂಪು ಮೂರೂ ಇರುತ್ತವೆ. ಹಳದಿ ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, ಕಿತ್ತಳೆ ಸುಮಾರು ಎರಡು, ಗಾಢ ಕೆಂಪು ಮೂರು. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ. ಕೆಂಪು ಹಾಕಿದರೆ ನೀಲಿ ಆಕಾಶ ಕಪ್ಪಾಗುತ್ತದೆ, ಕಂದು ಜೊಂಡು ಮತ್ತು ರೆಕ್ಕೆಯ ಮೇಲೆ ಹಾಸುವ ಕಂದು ಕ್ಯಾನ್ವಾಸ್ ಬೆಳ್ಳಗಾಗುತ್ತವೆ. ಆದರೆ ಹುಲ್ಲೂ ಕಪ್ಪಾಗುತ್ತದೆ, ಅದು ನನಗೆ ಅಷ್ಟು ಇಷ್ಟವಿಲ್ಲ. ಕಾಲುವೆ ದಂಡೆಯೆಲ್ಲ ಸುಟ್ಟಂತೆ ಕಾಣುತ್ತದೆ. ಅದಕ್ಕೇ ಹೆಚ್ಚಿನ ಸಲ ಕಿತ್ತಳೆಯಲ್ಲೇ ನಿಲ್ಲುತ್ತೇನೆ. ಮೋಡ ಪೂರ್ತಿ ಮುಚ್ಚಿಕೊಂಡ ದಿನ ಯಾವ ಫಿಲ್ಟರ್ ಹಾಕಿದರೂ ಸುಮ್ನೆ. ಬಿಳಿ ಆಕಾಶದಲ್ಲಿ ಕತ್ತಲು ಮಾಡಲು ನೀಲಿಯೇ ಇರುವುದಿಲ್ಲ. ಅಂಥ ದಿನ ಕಪ್ಪು ರೆಕ್ಕೆಯ ಚಿತ್ರಕ್ಕೆ ಸರಿ. ಪೋಲರೈಸರ್ ಎಂಬ ಫಿಲ್ಟರ್ ಕೂಡ ಆಕಾಶವನ್ನು ಕಪ್ಪಾಗಿಸುತ್ತದೆ, ಆದರೆ ವೈಡ್ ಲೆನ್ಸ್‌ಗೆ ಬೇಡ. ಆಕಾಶದ ಒಂದು ಮೂಲೆ ಕಪ್ಪು, ಇನ್ನೊಂದು ಬಿಳಿಚಿಕೊಂಡು, ಮಚ್ಚೆಮಚ್ಚೆಯಾಗುತ್ತದೆ.

ಡಿಜಿಟಲ್ ಕ್ಯಾಮೆರಾದ ಮುಂದೆ ಬಣ್ಣದ ಗಾಜು ಹಾಕಬೇಡಿ ಎಂದೇ ನನ್ನ ಸಲಹೆ. ಸಾಮಾನ್ಯ ಸೆನ್ಸರ್‌ನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಮಾತ್ರ ಕೆಂಪಿಗೆ ಮೀಸಲು. ಕೆಂಪು ಫಿಲ್ಟರ್ ಹಾಕಿದರೆ ಉಳಿದ ಮೂರು ಹೆಚ್ಚುಕಡಿಮೆ ಕೈಕಟ್ಟಿ ಕೂತಂತೆ. ಕ್ಯಾಮೆರಾವನ್ನು ಮಾನೋಕ್ರೋಮ್‌ಗೆ ಇಟ್ಟು, ಫೈಲ್ ಮಾತ್ರ ರಾ ಆಗಿ, ಅಂದರೆ ಸೆನ್ಸರ್ ಕಂಡದ್ದನ್ನು ಕಂಡ ಹಾಗೆ, ಉಳಿಸಿಕೊಂಡರೆ ಸಾಕು. ಪರದೆಯಲ್ಲಿ ಬೂದು ಕಾಣುತ್ತದೆ, ಬಣ್ಣದ ಮಾಹಿತಿ ಒಳಗೆ ಭದ್ರವಾಗಿರುತ್ತದೆ. ಮನೆಗೆ ಬಂದು ನೀಲಿಯ ಸ್ಲೈಡರ್ ಇಳಿಸಿದರೆ ಆಕಾಶ ಕಪ್ಪಾಗುತ್ತದೆ. ಆದರೆ ಕೈ ಹಿಡಿತದಲ್ಲಿರಲಿ. ಜಾಸ್ತಿ ಎಳೆದರೆ ಆಕಾಶದಲ್ಲಿ ಮರಳು ಚೆಲ್ಲಿದಂತೆ ನಾಯ್ಸ್ ಏಳುತ್ತದೆ, ರೆಕ್ಕೆಯ ಜಾಲರಿಯ ಸುತ್ತ ತೆಳ್ಳಗೆ ಬಿಳಿ ಗೆರೆ ಮೂಡುತ್ತದೆ. ಆ ಬಿಳಿ ಗೆರೆ ಕಂಡ ತಕ್ಷಣ ನಾನು ಸ್ಲೈಡರ್ ಅನ್ನು ವಾಪಸ್ ತರುತ್ತೇನೆ. ಉಳಿದ ಕತ್ತಲನ್ನು ಬರ್ನ್ ಮಾಡಿ, ಅಂದರೆ ಬೇಕಾದ ಕಡೆ ಮಾತ್ರ ಕಪ್ಪಾಗಿಸಿ, ಜಾಗ ನೋಡಿಕೊಂಡು ಸೇರಿಸುತ್ತೇನೆ.

ತಿರುಗುವ ರೆಕ್ಕೆಗೆ ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಹೊತ್ತು, ಎಷ್ಟು? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಗಿರಣಿಯವರು ಸುತ್ತುಗಳನ್ನು ಎಣಿಸುವುದಿಲ್ಲ. ಒಂದು ನಿಮಿಷಕ್ಕೆ ಎಷ್ಟು ರೆಕ್ಕೆಗಳು ಕೆಳಗಿನಿಂದ ಹಾದುಹೋದವು ಎಂದು ಎಣಿಸುತ್ತಾರೆ. 60 ಹಾದುಹೋದರೆ ಒಳ್ಳೆಯ ಕೆಲಸದ ವೇಗ. ನಾಲ್ಕು ರೆಕ್ಕೆಯ ಲೆಕ್ಕದಲ್ಲಿ ಅದು ನಿಮಿಷಕ್ಕೆ 15 ಸುತ್ತು, ಅಂದರೆ ಸೆಕೆಂಡಿಗೆ ಕಾಲು ಸುತ್ತು. ರೆಕ್ಕೆಗಳ ತುದಿಯಿಂದ ತುದಿಗೆ 28 ಮೀಟರ್ ಹಿಡಿದರೆ, ತುದಿ ಓಡುವ ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್! ದೂರದಿಂದ ನೋಡಿದರೆ ಸೋಮಾರಿಯಂತೆ ಸುತ್ತುತ್ತಿರುತ್ತದೆ, ಅಲ್ವಾ?

1/250 ಸೆಕೆಂಡಿನಲ್ಲಿ ತುದಿ 9 ಸೆಂಟಿಮೀಟರ್‌ನಷ್ಟು ಸರಿಯುತ್ತದೆ. ಚಿತ್ರದಲ್ಲಿ ರೆಕ್ಕೆ ನಿಂತೇ ಇದೆ ಅನಿಸುತ್ತದೆ. 1/30ಕ್ಕೆ ಮುಕ್ಕಾಲು ಮೀಟರ್. ಇದು ಎಡವಟ್ಟು ವೇಗ. ತಿರುಗಿದಂತೆಯೂ ಕಾಣುವುದಿಲ್ಲ, ನಿಂತಂತೆಯೂ ಇಲ್ಲ, ಫೋಕಸ್ ತಪ್ಪಿತೇನೋ ಎಂದು ನೋಡಿದವರು ಕೇಳುತ್ತಾರೆ. 1/8ಕ್ಕೆ ರೆಕ್ಕೆ 11 ಡಿಗ್ರಿ ತಿರುಗುತ್ತದೆ. ನಡುವಿನ ಅಚ್ಚಿನ ಹತ್ತಿರ ಮರ ಸ್ಪಷ್ಟ, ತುದಿಗೆ ಹೋದಂತೆ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ. ನನಗೆ ಬೇಕಾದದ್ದು ಇದು. ಪೂರ್ತಿ ಒಂದು ಸೆಕೆಂಡ್ ಕೊಟ್ಟರೆ ಪ್ರತಿ ರೆಕ್ಕೆಯೂ ಮುಂದಿನದರ ಜಾಗ ಮುಟ್ಟುತ್ತದೆ, ನಾಲ್ಕೂ ಸೇರಿ ಒಂದು ಮಸುಕು ತಟ್ಟೆಯಾಗುತ್ತದೆ. ಅದನ್ನು ಮೆಚ್ಚುವವರಿದ್ದಾರೆ, ನಾನಲ್ಲ.

ಮೊದಲು ಹೇಳಿದ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ನಿಧಾನ ಶಟರ್‌ಗೆ ಕಪ್ಪು ರೆಕ್ಕೆ ಆಗಿಬರುವುದಿಲ್ಲ. ರೆಕ್ಕೆ ಸರಿದ ಜಾಗದಲ್ಲೆಲ್ಲ ಹಿಂದಿನ ಬಿಳಿ ಮೋಡದ ಬೆಳಕು ಒಳಗೆ ಬಂದು ಅದನ್ನು ಅಳಿಸಿಹಾಕುತ್ತದೆ. ಬೆಳಗಿದ ರೆಕ್ಕೆಯಾದರೆ, ಹಿಂದೆ ಕಪ್ಪು ಆಕಾಶವಿದ್ದರೆ, ಸರಿದ ದಾರಿಯಲ್ಲೆಲ್ಲ ತನ್ನ ಬೆಳಕನ್ನು ಬಿಟ್ಟುಹೋಗುತ್ತದೆ. ಹಾಗಾಗಿ ಬೆಳ್ಳನೆಯ ಮೋಡದ ದಿನ ನಿಂತ ರೆಕ್ಕೆ ಅಥವಾ 1/250, ಕಪ್ಪು ಆಕಾಶದ ದಿನ 1/8. ಫಿಲ್ಮ್‌ನಲ್ಲಿ ಇದಕ್ಕೊಂದು ಸುಲಭ ಉಪಾಯವಿದೆ. ಬಿಸಿಲಲ್ಲಿ ಎಫ್‌ಪಿ4 ಪ್ಲಸ್ ಎಂಬ ಫಿಲ್ಮ್‌ಗೆ ಎಫ್/16ರಲ್ಲಿ (ಇದು ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) 1/125 ಬೇಕಾಗುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಮೂರು ಸ್ಟಾಪ್ ಕಳೆದು 1/15ಕ್ಕೆ ಇಳಿಯುತ್ತದೆ. ಎಫ್/22 ಮಾಡಿದರೆ 1/8. ಆಕಾಶ ಕಪ್ಪಾಗಿಸುವ ಗಾಜೇ ಶಟರ್ ಅನ್ನೂ ನಿಧಾನ ಮಾಡಿಕೊಡುತ್ತದೆ. ಹುಲ್ಲು ಕಪ್ಪಾದರೂ ಪರವಾಗಿಲ್ಲ ಎಂದು ನಾನು ಕೆಂಪಿಗೆ ಒಪ್ಪುವುದು ಇದೊಂದು ಸಂದರ್ಭದಲ್ಲಿ. ಡಿಜಿಟಲ್‌ನಲ್ಲಾದರೆ ಆರು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬಣ್ಣವಿಲ್ಲದ ಬೂದು ಗಾಜು), ಐಎಸ್‌ಒ 100, ಎಫ್/8. ಸುಮಾರು 1/6 ಸಿಗುತ್ತದೆ. ಟ್ರೈಪಾಡ್ ಗಟ್ಟಿಯಾಗಿರಲಿ. ರೆಕ್ಕೆ ತಿರುಗಿಸುವ ಗಾಳಿ ಟ್ರೈಪಾಡನ್ನೂ ಬಿಡುವುದಿಲ್ಲ.

ನಿಂತ ರೆಕ್ಕೆಗಳನ್ನು ತೆಗೆಯುವಾಗ ಇನ್ನೊಂದು ಗಮನಿಸಬೇಕು. ಡಚ್ ಗಿರಣಿಯವರು ರೆಕ್ಕೆಯನ್ನು ಸುಮ್ಮನೆ ಎಲ್ಲೋ ನಿಲ್ಲಿಸುವುದಿಲ್ಲ. ಕೂಡಿಸುವ ಚಿಹ್ನೆಯಂತೆ ನೇರವಾಗಿ ನಿಲ್ಲಿಸಿದರೆ ಸ್ವಲ್ಪ ಹೊತ್ತಿನ ಬಿಡುವು. ಗುಣಿಸುವ ಚಿಹ್ನೆಯಂತೆ ಓರೆಯಾಗಿ ನಿಲ್ಲಿಸಿದರೆ ಬಹುಕಾಲದ ವಿರಾಮ. ಮೇಲಿನ ರೆಕ್ಕೆ ನೆತ್ತಿಗೆ ಬರುವ ಸ್ವಲ್ಪ ಮೊದಲು ನಿಂತಿದ್ದರೆ ಮದುವೆ, ಹುಟ್ಟುಹಬ್ಬದಂಥ ಸಂತೋಷ. ನೆತ್ತಿ ದಾಟಿ ನಿಂತಿದ್ದರೆ ಸಾವಿನ ದುಃಖ. 2014ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟ ಎಮ್‌ಎಚ್17 ವಿಮಾನ ದುರಂತವಾದಾಗ ದೇಶದ ಎಷ್ಟೋ ಗಿರಣಿಗಳನ್ನು ಹೀಗೆ ದುಃಖದ ಸ್ಥಿತಿಯಲ್ಲಿ ನಿಲ್ಲಿಸಿದ್ದರು. ಎದುರಿನಿಂದ ನೋಡಿದರೆ ಇವು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತವೆ. ಹಾಗಾಗಿ ನೆತ್ತಿಯ ಬಲಕ್ಕಿದ್ದರೆ ಸಂತೋಷ, ಎಡಕ್ಕಿದ್ದರೆ ದುಃಖ. ನಮ್ಮ ಗುಡ್ಡಗಳ ಮೇಲಿನ ಹೊಸ ಟರ್ಬೈನ್‌ಗಳು ತಿರುಗುವುದು ಇದಕ್ಕೆ ಉಲ್ಟಾ.

ಇದು ಗೊತ್ತಿದ್ದರೆ ಒಂದು ಕೆಲಸವನ್ನು ನೀವು ಎಂದೂ ಮಾಡುವುದಿಲ್ಲ. ಎಡಿಟ್ ಮಾಡುವಾಗ ಕಾಂಪೊಸಿಶನ್ ಚೆನ್ನಾಗಿ ಕೂರಲಿ ಎಂದು ಚಿತ್ರವನ್ನು ಎಡದಿಂದ ಬಲಕ್ಕೆ ತಿರುವಿಹಾಕುವುದು. ತಿರುವಿದರೆ ಯಾರದೋ ಮದುವೆ ಮನೆಯ ಗಿರಣಿ ಸಾವಿನ ಮನೆಯದಾಗುತ್ತದೆ. ನೆಗೆಟಿವ್ ಉಲ್ಟಾ ಹಾಕಿ ಸ್ಕ್ಯಾನ್ ಮಾಡಿದರೂ ಅಷ್ಟೇ. ಗಿರಣಿಯ ಕೆಲಸ ಬಲ್ಲವರಿಗೆ ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ರೆಕ್ಕೆಯ ಮುಂಚೂಣಿಯಲ್ಲಿ ಕಿರಿದಾದ ಹಲಗೆ, ಅದರ ಹಿಂದೆ ಅಗಲವಾದ ಜಾಲರಿ. ಅದರಲ್ಲೇ ತಿರುಗುವ ದಿಕ್ಕು ಬರೆದಿಟ್ಟಂತೆ ಇರುತ್ತದೆ.

ಇಟ್ಟಿಗೆಯ ಸಾಲಿಗಿಂತ ಜೊಂಡಿನ ಸಾಲು ನನಗೆ ಹೆಚ್ಚು ಪ್ರಿಯ. ಓರೆ ಬಿಸಿಲು ಬಿದ್ದರೆ ನಮ್ಮ ರಾಗಿ ಹುಲ್ಲಿನ ಬಣವೆಯ ಮೈಯಂತೆ ಒಂದೊಂದು ಕಡ್ಡಿಯೂ ಎದ್ದು ಕಾಣುತ್ತದೆ. ನೇರ ಬಿಸಿಲಿಗೆ ಅದೇ ಜೊಂಡು ಬರೀ ಬೂದು ಚಪ್ಪಡಿ. ಎಕ್ಸ್‌ಪೋಶರ್ ನೋಡುವಾಗ ಜೊಂಡಿನ ನೆರಳ ಬದಿಯನ್ನು ಅಳೆದು, ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ ಕೊಡುತ್ತೇನೆ. ಕಪ್ಪು ಕಪ್ಪಾಗಿಯೇ ಇರುತ್ತದೆ, ಒಳಗಿನ ಕಡ್ಡಿಯೂ ಉಳಿಯುತ್ತದೆ. ಇದು ಫಿಲ್ಮ್‌ಗೆ. ಡಿಜಿಟಲ್‌ನಲ್ಲಿ ಮೋಡದ ಬಿಳಿ ಸುಡದಂತೆ ನೋಡಿಕೊಂಡರೆ ನೆರಳನ್ನು ಆಮೇಲೆ ಎತ್ತಬಹುದು.

ಕ್ಯಾಮೆರಾ ಮೇಲಕ್ಕೆ ಬಾಗಿಸಿದರೆ ಗೋಪುರ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಗೋಪುರ ಮೊದಲೇ ಮೇಲಕ್ಕೆ ಹೋದಂತೆ ಸಣ್ಣದಾಗುವುದರಿಂದ ಅದು ಇನ್ನೂ ವಿಕಾರ. ಕಾಲುವೆಯ ಈಚೆ ದಡದಿಂದ, 85 ಎಂಎಂ ಲೆನ್ಸ್‌ನಲ್ಲಿ, ಕ್ಯಾಮೆರಾ ಮಟ್ಟವಾಗಿಟ್ಟು ತೆಗೆಯುವುದು ನನ್ನ ರೂಢಿ. ನೀರಿನಲ್ಲಿ ಪ್ರತಿಬಿಂಬವೂ ಸಿಗುತ್ತದೆ. ಆದರೆ ರೆಕ್ಕೆ ತಿರುಗುವಷ್ಟು ಗಾಳಿ ಇದ್ದರೆ ನೀರು ಕನ್ನಡಿಯಾಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಇಲ್ಲಿನ ಎಷ್ಟೋ ಗಿರಣಿಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ. ಗಿರಣಿ ನಡೆಸುವ ಕಸುಬನ್ನೂ ಯುನೆಸ್ಕೊ 2017ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ, ಗೋಪುರಕ್ಕೆ ಸಿಕ್ಕ ಮರ್ಯಾದೆ ಕೊನೆಗೂ ಅದನ್ನು ನಡೆಸುವವರಿಗೆ ಸಿಕ್ಕಿತು. ಅಂಗಳದಲ್ಲಿ ಬಟ್ಟೆ ಒಣಹಾಕಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಬೇಲಿ ದಾಟಬೇಡಿ. ಮನೆಯ ಗೌರವದ ಮಾತು ಒಂದು ಕಡೆ, ಜೀವದ ಮಾತು ಇನ್ನೊಂದು ಕಡೆ. ಈ ರೆಕ್ಕೆಗಳ ತುದಿ ನೆಲಕ್ಕೆ ತಾಗಿತೋ ಎಂಬಷ್ಟು ಕೆಳಗೆ ಬರುತ್ತದೆ. ವ್ಯೂಫೈಂಡರ್‌ಗೆ ಕಣ್ಣಿಟ್ಟವರಿಗೆ ಅದು ಕಾಣುವುದಿಲ್ಲ. ಮೇ ತಿಂಗಳ ಎರಡನೇ ವಾರಾಂತ್ಯ ರಾಷ್ಟ್ರೀಯ ಗಿರಣಿ ದಿನ. ಅಂದು ದೇಶದ ನೂರಾರು ಗಿರಣಿಗಳು ಬಾಗಿಲು ತೆರೆದಿರುತ್ತವೆ, ಜನರೂ ಕಿಕ್ಕಿರಿದಿರುತ್ತಾರೆ. ತಿರುಗುವ ರೆಕ್ಕೆ ಬೇಕೆಂದರೆ ಅಂದು ಹೋಗಿ, ಖಾಲಿ ದಾರಿ ಬೇಕೆಂದರೆ ಬೇಡ.

ಕತ್ತಲೆಕೋಣೆಯಲ್ಲಿ ಪ್ರಿಂಟ್ ಮಾಡುವವರಿಗೆ ಒಂದು ಮಾತು. ಕಪ್ಪು ಆಕಾಶದ ಚಿತ್ರವನ್ನು ಫೈಬರ್ ಪೇಪರ್ ಮೇಲೆ ಹಾಕಿದರೆ, ಟ್ರೇಯಲ್ಲಿ ಒದ್ದೆಯಾಗಿದ್ದಾಗ ಕಂಡದ್ದಕ್ಕಿಂತ ಒಣಗಿದ ಮೇಲೆ ಒಂದು ಛಾಯೆ ಕಪ್ಪಾಗುತ್ತದೆ. ರೆಕ್ಕೆಯ ಬಿಳಿಯೂ ಮಂಕಾಗುತ್ತದೆ. ಅದಕ್ಕೆ ಟೆಸ್ಟ್ ಪಟ್ಟಿಯನ್ನು ಹೇರ್ ಡ್ರೈಯರ್‌ನಿಂದ ಪೂರ್ತಿ ಒಣಗಿಸಿ, ಆಮೇಲೆ ಪೇಪರ್‌ಗೆ ಬೆಳಕು ಕೊಡುವ ಕಾಲ ಗೊತ್ತು ಮಾಡುತ್ತೇನೆ. ಸಾಮಾನ್ಯವಾಗಿ ಒದ್ದೆಯಲ್ಲಿ ಸರಿ ಅನಿಸಿದ್ದಕ್ಕಿಂತ ನೂರಕ್ಕೆ ಎಂಟು, ಹತ್ತರಷ್ಟು ಕಡಿಮೆ ಕೊಟ್ಟರೆ ರೆಕ್ಕೆಯ ಕ್ಯಾನ್ವಾಸ್ ಬೆಳ್ಳಗೆ ಉಳಿಯುತ್ತದೆ.