ಕೆಲಸ ಬಿಟ್ಟೆ, ಲೆಕ್ಕ ಬಿಡಲಿಲ್ಲ

ನಾನು ಬೆಂಗಳೂರಿನ ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. 2024ರ ಏಪ್ರಿಲ್‌ನಲ್ಲಿ ವರ್ಷದ ಲೆಕ್ಕ ಮುಗಿಸಿಕೊಟ್ಟು ಕೆಲಸ ಬಿಟ್ಟೆ. ಬಿಡು ಅಂತ ಯಾರೂ ಹೇಳಿರಲಿಲ್ಲ. ಮನೆ ನಡೆಸುವುದು ನನಗೆ ಇಷ್ಟ, ಅಷ್ಟೇ. ಅಡುಗೆ ಇಷ್ಟ. ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿರುವುದು ಇಷ್ಟ. ಬೇಸಿಗೆಯಲ್ಲಿ ಸಂಡಿಗೆ ಹಾಕುವುದಂತೂ ಬಹಳ ಇಷ್ಟ. ಓದಿದ ಹೆಂಗಸರು ಇದನ್ನು ಗಟ್ಟಿಯಾಗಿ ಹೇಳಲು ಈಗ ಹಿಂದೆಮುಂದೆ ನೋಡುತ್ತಾರೆ.

ಫೋನ್ ತೆರೆದರೆ ಫ್ರಿಲ್ ಇಟ್ಟ ಫ್ರಾಕ್ ಹಾಕಿಕೊಂಡು ಬ್ರೆಡ್ ಹಿಟ್ಟು ನಾದುವ ಅಮೆರಿಕದ ಹೆಂಗಸರು ಕಾಣಿಸುತ್ತಾರೆ. ಅವರಿಗೆ ಟ್ರ್ಯಾಡ್‌ವೈಫ್, ಅಂದರೆ ಹಳೇ ಕಾಲದ ಗೃಹಿಣಿಯ ಹಾಗೆ ಬದುಕುವವರು, ಅಂತಾರಂತೆ. ಚೆಂದ ಇರುತ್ತದೆ, ನಾನೂ ನೋಡುತ್ತೇನೆ. ಆದರೆ ಪಾತ್ರೆ ತುಂಬಿದ ಸಿಂಕ್ ಮಾತ್ರ ಆ ವಿಡಿಯೊಗಳಲ್ಲಿ ಕಾಣಿಸಲ್ಲ. ತಿಂಗಳ ಹಣ ಯಾರ ಖಾತೆಗೆ ಬರುತ್ತದೆ ಅನ್ನುವುದೂ ಕಾಣಿಸಲ್ಲ. ನನ್ನ ಅನುಭವದಲ್ಲಿ ಆ ಎರಡು ಸರಿಯಾದರೆ ಮಾತ್ರ ಉಳಿದದ್ದು ನಡೆಯುತ್ತದೆ.

ಮೊದಲು ಹಣದ ಲೆಕ್ಕ. ನನ್ನ ಕೈಗೆ 36 ಸಾವಿರ ಬರುತ್ತಿತ್ತು. ಡೇ ಕೇರ್‌ಗೆ 11 ಸಾವಿರ, ಅಡುಗೆಯವರಿಗೆ 6 ಸಾವಿರ, ಓಡಾಟಕ್ಕೆ ಒಂದಷ್ಟು. ಸುಸ್ತಾಗಿ ಬಂದ ದಿನ ಹೊರಗಿನಿಂದ ಊಟ. ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವುದು ಒಂದೇ ಲೆಕ್ಕ. ಹೆಂಡತಿಯ ಸಂಬಳದಲ್ಲಿ ಇದನ್ನೆಲ್ಲ ಕಳೆದು, "ನೋಡು, ನಿನಗೆ ಉಳಿಯೋದೇ ಇಷ್ಟು, ಇದಕ್ಯಾಕೆ ಒದ್ದಾಡ್ತೀಯಾ" ಅನ್ನುವುದು. ಮಗು ಇಬ್ಬರದೂ ತಾನೆ? ಡೇ ಕೇರ್ ಖರ್ಚು ಅಮ್ಮನ ಸಂಬಳದಲ್ಲೇ ಯಾಕೆ ಕಳೆಯಬೇಕು? ನಾನು ಹಾಗೆ ಕಳೆಯಲಿಲ್ಲ. ಇಡೀ ಮನೆಗೆ ಏನು ಬರುವುದು ನಿಲ್ಲುತ್ತದೆ, ಏನು ಖರ್ಚು ತಪ್ಪುತ್ತದೆ ಅಂತ ಎರಡು ಕಾಲಂ ಹಾಕಿದೆ. ನಿಲ್ಲುವ ಕಾಲಂನಲ್ಲಿ ಸಂಬಳದ ಜೊತೆ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ಪ್ರತಿ ವರ್ಷದ ಇನ್‌ಕ್ರಿಮೆಂಟ್, ಆಫೀಸಿನ ಆರೋಗ್ಯ ವಿಮೆ ಎಲ್ಲವನ್ನೂ ಬರೆದೆ. ಮೊತ್ತ ನೋಡಿ ನಮ್ಮನೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಗುತ್ತೆ, ಆದ್ರೆ ಕಾರು ಬದಲಾಯಿಸೋದು ಮುಂದಕ್ಕೆ ಹಾಕ್ಬೇಕು" ಅಂದರು. ಈ ಮಾತು ಮೊದಲೇ ಆಡಿಕೊಂಡದ್ದು ಒಳ್ಳೆಯದಾಯಿತು. ಈಗ ಕಾರು ಕೆಟ್ಟು ನಿಂತರೆ ಯಾರೂ ನನ್ನ ಮುಖ ನೋಡುವುದಿಲ್ಲ.

ಪಿಎಫ್ ಹಣ ತೆಗೆಯಲಿಲ್ಲ. ಕೆಲಸ ಬಿಟ್ಟ ಮೇಲೂ ಅದಕ್ಕೆ ಬಡ್ಡಿ ಬರುತ್ತದೆ. ಆ ಬಡ್ಡಿಗೆ ತೆರಿಗೆ ಉಂಟು, ಅದು ಬೇರೆ ಮಾತು. ಆಫೀಸಿನ ವಿಮೆ ನಿಲ್ಲುವ ಮೊದಲೇ ಮನೆಮಂದಿಗೆಲ್ಲ ಸೇರಿ ಒಂದು ಪಾಲಿಸಿ ಮಾಡಿಸಿದೆವು.

ನನ್ನ ಖಾತೆಯ ವಿಷಯ ಮಾತ್ರ ಅರ್ಧಕ್ಕೆ ನಿಂತಿತ್ತು. "ಬೇಕಾದಾಗ ಕೇಳು, ಕೊಡ್ತೀನಲ್ಲ" ಅನ್ನುತ್ತಿದ್ದರು ನಮ್ಮನೆಯವರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಅಷ್ಟು ವರ್ಷ ಸಂಬಳ ತೆಗೆದುಕೊಂಡವಳಿಗೆ ಕೇಳುವುದೇ ಕಷ್ಟ, ಅಲ್ವಾ? ಅಷ್ಟರಲ್ಲಿ 2024ರ ಜುಲೈ 10ರಂದು ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಅದು ವಿಚ್ಛೇದಿತ ಮುಸ್ಲಿಂ ಮಹಿಳೆಯ ಜೀವನಾಂಶದ ಕೇಸು. ಅದರಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಮನೆ ನೋಡಿಕೊಳ್ಳುವ ಹೆಂಗಸರ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದರು. ಸ್ವಂತ ಆದಾಯ ಇಲ್ಲದ ಹೆಂಡತಿಗೆ ಗಂಡ ಹಣದ ಬಲ ಕೊಡಬೇಕು, ಜಂಟಿ ಖಾತೆ, ಎಟಿಎಂ ಕಾರ್ಡ್ ಇರಬೇಕು ಅಂತ. ಪೇಪರ್ ಓದಿದ ನಮ್ಮನೆಯವರು ತಾವೇ ಮಾತು ಎತ್ತಿದರು. ಹೆಂಡತಿ ಹೇಳಿದ್ದಕ್ಕಿಂತ ಸುಪ್ರೀಂ ಕೋರ್ಟ್ ಹೇಳಿದ್ದು ಬೇಗ ಅರ್ಥವಾಗುತ್ತದೆ, ಇರಲಿ.

ಈಗ ನಡೆಯುತ್ತಿರುವುದು ಹೀಗೆ. ಅವರ ಸಂಬಳ ಬಂದ ದಿನವೇ ಮನೆಖರ್ಚಿನ ಹಣ ಜಂಟಿ ಖಾತೆಗೆ ಹೋಗುತ್ತದೆ. ಅದರ ಲೆಕ್ಕ ನಾನು ಇಡುತ್ತೇನೆ, ಇಬ್ಬರೂ ನೋಡಬಹುದು. ಅದಲ್ಲದೆ 12 ಸಾವಿರ ನನ್ನ ಒಬ್ಬಳ ಖಾತೆಗೆ ಬರುತ್ತದೆ. ಅದರ ಲೆಕ್ಕ ಯಾರೂ ಕೇಳುವ ಹಾಗಿಲ್ಲ. ಎರಡೂ ಆಟೋಮ್ಯಾಟಿಕ್ ಆಗಿ ಹೋಗುವಂತೆ ಬ್ಯಾಂಕಿನಲ್ಲೇ ಹಾಕಿಸಿದ್ದೇವೆ. ನನ್ನ ಹಣದಲ್ಲಿ ಒಂದು ಭಾಗ ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ ಕಟ್ಟುತ್ತೇನೆ. ಅದಕ್ಕೆ ಒಂದು ಕಾರಣವಿದೆ. ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಆದರೆ ಆ ಹಣವನ್ನು ಹೆಂಡತಿ ಎಫ್‌ಡಿ ಇಟ್ಟರೆ ಬರುವ ಬಡ್ಡಿಯನ್ನು ಗಂಡನ ಆದಾಯಕ್ಕೇ ಸೇರಿಸುತ್ತಾರೆ. ಪಿಪಿಎಫ್ ಬಡ್ಡಿಗೆ ತೆರಿಗೆಯೇ ಇಲ್ಲವಾದ್ದರಿಂದ ಆ ತಕರಾರಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. 15 ವರ್ಷದ ಖಾತೆ, ಸುಲಭಕ್ಕೆ ಕೈ ಹಾಕಲು ಆಗುವುದಿಲ್ಲ. ನನ್ನಂಥವರಿಗೆ ಅದೇ ಅನುಕೂಲ. ನೆಲಮಂಗಲದ ಕಡೆ ಇರುವ ಸೈಟು ಮೊದಲಿಂದಲೂ ಇಬ್ಬರ ಹೆಸರಿನಲ್ಲಿದೆ. ಗಂಡನ ಸಂಪಾದನೆಯಲ್ಲಿ ಕೊಂಡ ಆಸ್ತಿಯಲ್ಲಿ ಮನೆ ನೋಡಿಕೊಂಡ ಹೆಂಡತಿಗೂ ಸಮಪಾಲು ಉಂಟು ಅಂತ 2023ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಕೇಸಿನಲ್ಲಿ ಹೇಳಿದೆ. ಆದರೂ ಕೋರ್ಟಿಗೆ ಹೋಗಿ ಕೇಳುವುದಕ್ಕಿಂತ ನೋಂದಣಿ ದಿನವೇ ಹೆಸರು ಹಾಕಿಸುವುದು ವಾಸಿ.

ಈ ವಿಷಯದಲ್ಲಿ ನನ್ನ ಪರ ಬಲವಾಗಿ ನಿಂತವರು ಅತ್ತೆ. ಅವರು ಇರುವುದು ಹಾಸನದ ಕಡೆಯ ಹಳ್ಳಿಯಲ್ಲಿ, ವರ್ಷದಲ್ಲಿ ಒಂದಷ್ಟು ತಿಂಗಳು ನಮ್ಮ ಜೊತೆ. 2023ರಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಅವರ ಖಾತೆಗೆ 2 ಸಾವಿರ ಬರುತ್ತದೆ. ತಾನು ಅಥವಾ ಗಂಡ ಆದಾಯ ತೆರಿಗೆ ಕಟ್ಟುವ ಹೆಂಗಸಿಗೆ ಆ ಯೋಜನೆ ಇಲ್ಲ, ಹಾಗಾಗಿ ನನಗೆ ಬರುವುದಿಲ್ಲ. ಅತ್ತೆ ಮಗನಿಗೆ ಹೇಳಿದ್ದು ಇಷ್ಟೇ: "ನಿಮ್ಮಪ್ಪನ ಹತ್ರ ಬಳೆಗೂ ಕೇಳಿ ಇಸ್ಕೊಂಡಿದೀನಿ ಕಣೋ. ಅವಳಿಗೆ ತಿಂಗಳಾ ತಿಂಗಳಾ ಹಾಕ್ಬಿಡು."

ಅದೇ ಅತ್ತೆಗೆ ಮಗ ಪಾತ್ರೆ ತೊಳೆಯುವುದನ್ನು ನೋಡಲು ಆಗಲಿಲ್ಲ.

ಪಾತ್ರೆಯ ವಿಷಯಕ್ಕೆ ಬರುತ್ತೇನೆ. ಮನೆಗೆಲಸ ನನ್ನದು ಅಂದ ಮೇಲೆ ಅದಕ್ಕೂ ಹೊತ್ತು ಗೊತ್ತು ಬೇಡವೇ? ನಮ್ಮಲ್ಲಿ ರಾತ್ರಿ ಎಂಟೂವರೆಗೆ ನನ್ನ ಕೆಲಸ ಮುಗಿಯುತ್ತದೆ. ಊಟವಾದ ಮೇಲೆ ಅಡುಗೆಮನೆ ನಮ್ಮನೆಯವರದು. ಉಳಿದದ್ದನ್ನು ಫ್ರಿಜ್‌ಗೆ ಎತ್ತಿಡುವುದು, ಪಾತ್ರೆ, ಕಟ್ಟೆ ಒರೆಸುವುದು, ಹಾಲಿಗೆ ಹೆಪ್ಪು ಹಾಕುವುದು, ಬೆಳಿಗ್ಗೆಗೆ ಕಾಳು ನೆನೆಸುವುದು. ಬೆಳಗಿನ ಪಾತ್ರೆಗೆ ಮತ್ತು ನೆಲ ಒರೆಸಲು ಬರುವ ಕೆಲಸದ ಅಮ್ಮನನ್ನು ಹಾಗೇ ಉಳಿಸಿಕೊಂಡಿದ್ದೇವೆ. ನಾನು ಮನೆಯಲ್ಲಿದ್ದೇನೆ ಅಂತ ಅವರ ಸಂಬಳ ತಪ್ಪಿಸುವುದು ನನಗೆ ಸರಿ ಕಾಣಲಿಲ್ಲ.

ಮೊದಮೊದಲು ಅತ್ತೆ, "ದಿನವೆಲ್ಲ ದುಡಿದು ಬಂದಿರ್ತಾನೆ, ಬಿಡಪ್ಪ ನಾನು ತೊಳೀತೀನಿ" ಅಂತ ಮೊಣಕಾಲು ನೋವಿನಲ್ಲೂ ಏಳುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ನಮ್ಮಲ್ಲಿ ಒಂದು ಮಾತು ಆಗಿದೆ. ಅವರ ಕಡೆಯವರಿಗೆ ಅವರು ಹೇಳಬೇಕು, ನನ್ನ ಕಡೆಯವರಿಗೆ ನಾನು. ಒಂದು ರಾತ್ರಿ ಅವರು ತಾಯಿಗೆ, "ಅಮ್ಮ, ಇದು ಅವಳ ಕೆಲಸಕ್ಕೆ ಕೈ ಜೋಡಿಸ್ತಿರೋದಲ್ಲ, ಇದು ನಂದೇ ಕೆಲಸ. ನೀನು ಮಾಡಿದ್ರೆ ನನ್ನ ಕೆಲಸ ಕಿತ್ಕೊಂಡ ಹಾಗೆ" ಅಂದರು. ಇದೇ ಮಾತು ಸೊಸೆಯ ಬಾಯಿಂದ ಬಂದಿದ್ದರೆ ಆರು ತಿಂಗಳ ಮುನಿಸು. ಅತ್ತೆ ಈಗಲೂ ಆ ಹೊತ್ತಿಗೆ ಸರಿಯಾಗಿ ಟಿವಿ ಮುಂದೆ ಕೂತು ಸೀರಿಯಲ್ ಹಾಕಿಕೊಳ್ಳುತ್ತಾರೆ. ಸೀರಿಯಲ್ಲಿನಲ್ಲಿ ಯಾವ ಗಂಡಸೂ ಪಾತ್ರೆ ತೊಳೆಯುವುದಿಲ್ಲ.

ಕೆಲಸ ಹಂಚುವುದರಲ್ಲಿ ನಮಗೆ ಉಪಯೋಗಕ್ಕೆ ಬಂದದ್ದು ಒಂದೇ ನಿಯಮ. ಯಾರು ಕೆಲಸ ಹಿಡಿಯುತ್ತಾರೋ ಅದರ ನೆನಪೂ ಅವರದೇ. ಗ್ಯಾಸ್ ನಮ್ಮನೆಯವರದು ಅಂದರೆ, ಖಾಲಿಯಾಗುತ್ತಿದೆ ಅಂತ ಗಮನಿಸುವುದು, ಬುಕ್ ಮಾಡುವುದು, ಸಿಲಿಂಡರ್ ಬಂದಾಗ ತೂಕ ನೋಡುವುದು ಎಲ್ಲವೂ ಅವರದು. ನಾನು ನೆನಪಿಸಬೇಕಾದರೆ ಆ ಕೆಲಸ ಹಂಚಿದ ಹಾಗಾಗಲಿಲ್ಲ. ಕೈಕೆಲಸಕ್ಕಿಂತ ಈ ನೆನಪಿಟ್ಟುಕೊಳ್ಳುವುದೇ ಜಾಸ್ತಿ ಸುಸ್ತು ಮಾಡುತ್ತದೆ. ಹೀಗೆ ಗ್ಯಾಸ್, ನೀರು, ಅತ್ತೆಯ ಬಿಪಿ ಮಾತ್ರೆ ಮತ್ತು ಡಾಕ್ಟರ್, ಮಗಳ ಗಣಿತ, ಭಾನುವಾರದ ತಿಂಡಿ ಅವರ ಪಾಲು. ನೀರು ಸಣ್ಣ ಕೆಲಸವಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಹೇಗೆ ಪರದಾಡಿತು ಅಂತ ಇಲ್ಲಿದ್ದವರಿಗೆ ಗೊತ್ತು. ಕಾವೇರಿ ನೀರು ಯಾವಾಗ ಬಿಡುತ್ತಾರೆ, ಸಂಪಿನಲ್ಲಿ ಎಷ್ಟಿದೆ, ಟ್ಯಾಂಕರ್‌ನವರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಬೇಕು, ಇದೆಲ್ಲ ಅವರ ತಲೆಯಲ್ಲಿದೆ. ನನ್ನ ತಲೆಯಲ್ಲಿಲ್ಲ. ಎಷ್ಟು ಹಗುರ ಗೊತ್ತಾ!

2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ, ಗಂಡಸರು 97 ನಿಮಿಷ ಅಂತ ಇತ್ತು. ಪರವಾಗಿಲ್ಲ ಅಂದುಕೊಂಡೆ. ಸರಿಯಾಗಿ ಓದಿದರೆ ಅದು ಮನೆಗೆಲಸಕ್ಕೆ ಕೈ ಹಾಕಿದವರ ಸರಾಸರಿ ಮಾತ್ರ. ಹಾಗೆ ಕೈ ಹಾಕಿದ ಗಂಡಸರು ನೂರಕ್ಕೆ 26. ನಮ್ಮನೆಯವರಿಗೆ ಇದನ್ನು ತೋರಿಸಿದಾಗ ಬಹಳ ಖುಷಿಪಟ್ಟರು. ಎರಡು ದಿನ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದರು.

ನನ್ನ ಪಾಲಿನ ಕೆಲಸದಲ್ಲಿ ನನಗೆ ಸುಖ ಕೊಡುವುದು ಹೊತ್ತು ಹಿಡಿಯುವ ಕೆಲಸಗಳೇ. ಸಾರಿನ ಪುಡಿಗೆ ಧನಿಯ, ಮೆಣಸಿನಕಾಯಿ, ಮೆಂತ್ಯ, ಜೀರಿಗೆಯನ್ನು ಬೇರೆಬೇರೆಯಾಗಿ ಹುರಿಯುವುದು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸ್ವಲ್ಪ ಗುಂಟೂರು. ಮೆಂತ್ಯ ಒಂದು ಕ್ಷಣ ಜಾಸ್ತಿ ಹುರಿದರೂ ಇಡೀ ಡಬ್ಬಿ ಕಹಿ. ರಾಗಿ ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಮಿಲ್ಲಿಗೆ ಹಾಕಿಸುತ್ತೇನೆ. ಮಿಲ್ಲಿನಲ್ಲಿ ನಮ್ಮ ಮುಂದೆ ಯಾರದ್ದಾದರೂ ಮೆಣಸಿನಪುಡಿ ಆಗಿದ್ದರೆ ಕಾಯಬೇಕು, ಇಲ್ಲದಿದ್ದರೆ ಗಂಜಿಯೇ ಖಾರ. ಕೆಲಸಕ್ಕೆ ಹೋಗುತ್ತಿದ್ದಾಗ ಇದನ್ನೆಲ್ಲ ಭಾನುವಾರ ಒಂದೇ ದಿನಕ್ಕೆ ತುರುಕಿ, ಬೈದುಕೊಂಡು ಮಾಡುತ್ತಿದ್ದೆ. ಈಗ ಅದೇ ಕೆಲಸ, ಬೈಗುಳ ಇಲ್ಲ. ಇಸ್ತ್ರಿ ಮಾತ್ರ ನನಗೆ ಸೇರುವುದಿಲ್ಲ. ಅದು ರಸ್ತೆ ತುದಿಯ ಗಾಡಿಯವರಿಗೆ ಹೋಗುತ್ತದೆ. ಮನೆಯಲ್ಲಿರುವವಳು ಎಲ್ಲವನ್ನೂ ತಾನೇ ಮಾಡಬೇಕು ಅಂತ ಏನಿಲ್ಲ.

ತೊಂದರೆ ಕೊಟ್ಟದ್ದು ಹೊರಗಿನವರು. "ಮನೇಲೇ ಇರ್ತೀಯಲ್ಲ" ಅನ್ನುವ ಮಾತು ಕೇಳಿ ಸಾಕಾಗಿತ್ತು. ಪಕ್ಕದವರ ಪಾರ್ಸೆಲ್, ನೆಂಟರ ಬ್ಯಾಂಕ್ ಕೆಲಸ, ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದರೆ ಹಗಲು ಪಾಳಿ, ಎಲ್ಲಕ್ಕೂ ನಾನೇ. ಆಸ್ಪತ್ರೆಗೆ ಹೋಗುತ್ತೇನೆ, ಅದು ಬೇಡ ಅನ್ನುವುದಿಲ್ಲ. ಉಳಿದದ್ದಕ್ಕೆ, "ಮೂರು ಗಂಟೆ ಮೇಲೆ ಬನ್ನಿ, ಅಲ್ಲಿವರೆಗೂ ಕೆಲಸದಲ್ಲಿರ್ತೀನಿ" ಅನ್ನುತ್ತೇನೆ. ಕೆಲವರು ನಗುತ್ತಾರೆ. ನಗಲಿ.

ಕೈ ಮರೆಯದಿರಲಿ ಅಂತ ನೆಂಟರೊಬ್ಬರ ಹಾರ್ಡ್‌ವೇರ್ ಅಂಗಡಿಯ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. ಬರುವ ಹಣ ಹೆಚ್ಚೇನಿಲ್ಲ. ಆದರೆ ನಿಯಮ ಬದಲಾದಾಗ ನನಗೆ ಗೊತ್ತಿರುತ್ತದೆ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಮರೆತಿರುವುದಿಲ್ಲ. ನಾಳೆ ನಮ್ಮನೆಯವರ ಕೆಲಸಕ್ಕೆ ಏನಾದರೂ ಆದರೆ ನಾನು ಹೊರಗೆ ಹೋಗಬೇಕಲ್ಲ.

ಪ್ರತಿ ಯುಗಾದಿಗೆ ಈ ಏರ್ಪಾಡನ್ನು ಮತ್ತೆ ಕೂತು ನೋಡುತ್ತೇವೆ. ಹೋದ ಸಲ ನನ್ನ ಖಾತೆಯ ಹಣಕ್ಕೆ ಇನ್‌ಕ್ರಿಮೆಂಟ್ ಕೇಳಿದೆ. ಅವರಿಗೆ ಆಫೀಸಿನಲ್ಲಿ ಎಷ್ಟು ಪರ್ಸೆಂಟ್ ಸಿಕ್ಕಿತೋ ಅಷ್ಟೇ ನನಗೂ ಅಂತ ಒಪ್ಪಿದರು. ಅವರು ಕೇಳಿದ್ದು ಹೆಪ್ಪು ಹಾಕುವುದನ್ನು ನನಗೆ ವಾಪಸ್ ಕೊಡಲು. ಚಳಿಗಾಲದಲ್ಲಿ ಮೊಸರು ಸರಿಯಾಗಿ ಆಗುವುದಿಲ್ಲ, ಬೆಳಿಗ್ಗೆ ಎಲ್ಲರೂ ಅವರನ್ನೇ ಅನ್ನುತ್ತಾರೆ ಅಂತ. ಹಾಲು ಸ್ವಲ್ಪ ಜಾಸ್ತಿ ಬೆಚ್ಚಗಿರುವಾಗ ಹೆಪ್ಪು ಹಾಕಿ ಪಾತ್ರೆಗೆ ಟವೆಲ್ ಸುತ್ತಿಡಿ ಅಂತ ಹೇಳಿಕೊಟ್ಟೆ. ಕೆಲಸ ವಾಪಸ್ ತೆಗೆದುಕೊಳ್ಳಲಿಲ್ಲ.